ಜಾಹೀರಾತಿನಲ್ಲಿ ‘ನೇಟಿವ್ ಸ್ಪೀಕರ್’ ಅಂತಿದ್ದರೆ ಅರ್ಜಿ ಹಾಕಬೇಕೋ ಬೇಡವೋ?

ಪ್ರಶ್ನೆ: ಮೇಡಂ, ಇಂಗ್ಲಿಷ್ ಎಂ.ಎ. ಮುಗಿಸಿ ಎರಡು ವರ್ಷ ಆಯಿತು. ವಿದೇಶದಲ್ಲಿ ಇಂಗ್ಲಿಷ್ ಕಲಿಸಬೇಕು ಅನ್ನೋದು ಕಾಲೇಜಿನಲ್ಲಿದ್ದಾಗಿನಿಂದ ಇರುವ ಆಸೆ. ಮೂರು ತಿಂಗಳಲ್ಲಿ 41 ಅರ್ಜಿ ಹಾಕಿದ್ದೇನೆ, ಲೆಕ್ಕ ಬರೆದಿಟ್ಟಿದ್ದೇನೆ. ಉತ್ತರ ಬಂದದ್ದು ಮೂರಕ್ಕೆ. ಮೂರರಲ್ಲೂ ಒಂದೇ ಮಾತು: ನಿಮ್ಮ ಅರ್ಹತೆ ಚೆನ್ನಾಗಿದೆ, ಆದರೆ ಪೋಷಕರು ನೇಟಿವ್ ಸ್ಪೀಕರ್, ಅಂದರೆ ಇಂಗ್ಲಿಷೇ ಮಾತೃಭಾಷೆಯಾದವರನ್ನು, ಕೇಳುತ್ತಾರೆ. ಈಗ ಜಾಹೀರಾತಿನಲ್ಲಿ ಆ ಎರಡು ಪದ ಕಂಡರೆ ಮುಂದೆ ಓದುವುದೇ ಇಲ್ಲ. ನಾನು ಮಾಡುತ್ತಿರುವುದು ಸರಿಯೇ?
— ಹೆಸರು ಬೇಡ, 26 ವರ್ಷ

ಉತ್ತರ: ಸರಿಯಲ್ಲ. ಆದರೆ 41 ಅರ್ಜಿ ಹಾಕಿದ್ದೂ ಸರಿಯಲ್ಲ. ಅದರಲ್ಲಿ ಕೊರಿಯಾಕ್ಕೆ ಎಷ್ಟು ಹೋದವು, ಚೀನಾಕ್ಕೆ ಎಷ್ಟು ಹೋದವು ಅಂತ ನೀವು ಬರೆದಿಲ್ಲ. ಅರ್ಧಕ್ಕರ್ಧ ಇರಬಹುದು ಅಂತ ನನ್ನ ಊಹೆ. ಹಾಗಿದ್ದರೆ ಆ ಅರ್ಧ ಬಾವಿಗೆ ಹಾಕಿದ ಕಲ್ಲು.

‘ನೇಟಿವ್ ಸ್ಪೀಕರ್ ಬೇಕು’ ಅನ್ನುವ ಒಂದೇ ಸಾಲು ಎರಡು ಬೇರೆ ಬಾಯಿಂದ ಬರುತ್ತದಮ್ಮ. ಒಂದು ವೀಸಾ ಕೊಡುವ ಸರ್ಕಾರದ ಬಾಯಿ, ಇನ್ನೊಂದು ಶಾಲೆಯ ಬಾಯಿ. ಸರ್ಕಾರ ಹೇಳಿದ್ದರೆ ನೀವು ಎಷ್ಟೇ ಚೆನ್ನಾಗಿ ಕಲಿಸಿ, ಕಡತ ಮುಂದೆ ಹೋಗುವುದಿಲ್ಲ. ಶಾಲೆ ಹೇಳಿದ್ದರೆ ಅದು ರೂಢಿ. ಹೋದ ವರ್ಷದ ಜಾಹೀರಾತನ್ನೇ ಈ ವರ್ಷವೂ ಅಂಟಿಸಿರುತ್ತಾರೆ. ಟರ್ಮ್ ಶುರುವಾಗಿ ಎರಡು ವಾರ ಕಳೆದರೂ ತರಗತಿಗೆ ಮೇಷ್ಟ್ರಿಲ್ಲ ಅಂದಾಗ ಅದೇ ಶಾಲೆ ನಿಮಗೆ ಫೋನ್ ಮಾಡುತ್ತದೆ. ಅರ್ಜಿ ಹಾಕುವ ಮೊದಲು ಈ ಎರಡನ್ನೂ ಬೇರೆ ಮಾಡಿಕೊಳ್ಳಿ.

ಕೊರಿಯಾದಲ್ಲಿ ಇಂಗ್ಲಿಷ್ ಕಲಿಸುವವರಿಗೆ ಕೊಡುವುದು ಇ-2 ವೀಸಾ. ಅದು ಏಳು ದೇಶಗಳ ಪಾಸ್‌ಪೋರ್ಟಿಗೆ ಅಂತ ಕಟ್ಟಿಟ್ಟದ್ದು: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ದೇಶ ದೇಶಗಳ ನಡುವಿನ ಒಪ್ಪಂದಗಳಲ್ಲಿ ಸಣ್ಣಪುಟ್ಟ ಕಿಂಡಿಗಳಿವೆ, ಆದರೆ ಮೊದಲ ಕೆಲಸಕ್ಕೆ ಆ ಕಿಂಡಿ ಹುಡುಕುತ್ತಾ ಕೂರಬೇಡಿ. ಚೀನಾದ ನಿಯಮದಲ್ಲಿ ಭಾಷೆ ಕಲಿಸುವ ವಿದೇಶಿಯರು ತಮ್ಮ ಮಾತೃಭಾಷೆಯನ್ನೇ ಕಲಿಸುವವರಾಗಿರಬೇಕು ಅಂತಿದೆ. ಸಾಲದ್ದಕ್ಕೆ 2021ರ ಜುಲೈನಲ್ಲಿ ಶಾಲಾ ಮಕ್ಕಳ ಖಾಸಗಿ ಟ್ಯೂಷನ್ ಮೇಲೆ ಸರ್ಕಾರ ಬಿಗಿ ಮಾಡಿದ ಮೇಲೆ ಅಲ್ಲಿದ್ದ ನೇಟಿವ್‌ಗಳೇ ಗಂಟುಮೂಟೆ ಕಟ್ಟಿದರು. ಈ ಎರಡು ದೇಶಗಳನ್ನು ಸದ್ಯಕ್ಕೆ ಪಟ್ಟಿಯಿಂದ ತೆಗೆಯಿರಿ.

ಜಪಾನಿನ ಕತೆ ಬೇರೆ. ಶಾಲೆಯಲ್ಲಿ ಕಲಿಸುವ ‘ಇನ್‌ಸ್ಟ್ರಕ್ಟರ್’ ವೀಸಾಕ್ಕೆ ನೀವು ಯಾವ ದೇಶದವರು ಅನ್ನುವುದಕ್ಕಿಂತ, ಕನಿಷ್ಠ 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದೀರಾ ಅನ್ನುವುದನ್ನು ನೋಡುತ್ತಾರೆ. ನೀವು ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ ಆಗಿದ್ದರೆ ನಿಮಗೆ ಗೊತ್ತಿಲ್ಲದೆಯೇ ಒಂದು ಅರ್ಹತೆ ಕೈಯಲ್ಲಿದೆ. ಓದಿದ ಪ್ರತಿ ಶಾಲೆ ಕಾಲೇಜಿಗೂ ಹೋಗಿ, ಬೋಧನಾ ಮಾಧ್ಯಮ ಇಂಗ್ಲಿಷ್ ಆಗಿತ್ತು, ಇಂಥ ವರ್ಷದಿಂದ ಇಂಥ ವರ್ಷದವರೆಗೆ, ಅಂತ ಲೆಟರ್‌ಹೆಡ್ ಮೇಲೆ ಸಹಿ, ಮೊಹರು ಹಾಕಿಸಿ ತನ್ನಿ. ಗುಮಾಸ್ತರು ‘ಇದೆಲ್ಲಾ ಯಾಕ್ರೀ’ ಅಂತಾರೆ. ಅನ್ನಲಿ.

ಥಾಯ್ಲೆಂಡಿನಲ್ಲಿ ಬಾಗಿಲು ತೆರೆದೇ ಇದೆ, ಚೌಕಟ್ಟು ಮಾತ್ರ ತಗ್ಗು. ಜಾಹೀರಾತಿನಲ್ಲಿ ‘ಎನ್‌ಎನ್‌ಇಎಸ್’ ಅಂತ ಕಂಡರೆ ಅದು ನಾವೇ: ನೇಟಿವ್ ಅಲ್ಲದ ಇಂಗ್ಲಿಷ್ ಮಾತಾಡುವವರು. ಪದವಿ ಬೇಕು, ಅಪರಾಧದ ದಾಖಲೆ ಇಲ್ಲ ಅನ್ನುವ ಪೊಲೀಸ್ ಪತ್ರ ಬೇಕು, ಜೊತೆಗೆ ಟೊಯಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 990ಕ್ಕೆ 600 ಕೇಳುತ್ತಾರೆ. ಎಂ.ಎ. ಮಾಡಿದವರಿಗೆ 600 ಕಷ್ಟವಲ್ಲ, 900 ದಾಟಿಸಿ. ಶಿಕ್ಷಕರ ಪರವಾನಗಿ ಕೊಡುವ ಮಂಡಳಿಯ ಹೆಸರು ಖುರುಸಫಾ. ಎರಡು ಸಲ ಜೋರಾಗಿ ಹೇಳಿ ನೋಡಿ, ನಮ್ಮ ‘ಗುರುಸಭಾ’ವೇ ಅದು. ಮೊದಲ ಸಲ ಗೊತ್ತಾದಾಗ ಆ ಕಚೇರಿಯ ಸಾಲಿನಲ್ಲಿ ನಿಂತವಳಿಗೆ ಯಾರೋ ನೆಂಟರು ಸಿಕ್ಕಿದಷ್ಟು ಸಮಾಧಾನವಾಗಿತ್ತು. ಪರವಾನಗಿ ಇಲ್ಲದವರಿಗೆ ಶಾಲೆಯ ಮೂಲಕ ಎರಡು ವರ್ಷದ ತಾತ್ಕಾಲಿಕ ಅನುಮತಿ ಕೊಡಿಸುವ ಪದ್ಧತಿ ಇದೆ. ವಿಯೆಟ್ನಾಂನಲ್ಲೂ ಸುಮಾರಾಗಿ ಇವೇ ಕಾಗದಗಳು, ಜೊತೆಗೆ ಬೋಧನಾ ಪ್ರಮಾಣಪತ್ರ ಮತ್ತು ನಿಮ್ಮ ಇಂಗ್ಲಿಷ್ ಯಾವ ಮಟ್ಟದ್ದು ಅನ್ನುವ ಪುರಾವೆ. ಯುರೋಪಿನ ಭಾಷಾ ಮಟ್ಟಗಳ ಅಳತೆಯಲ್ಲಿ ಸಿ1 ಇರಲಿ. ಐಇಎಲ್‌ಟಿಎಸ್‌ನಲ್ಲಿ ಅದು 7ರಿಂದ 8ರ ಆಸುಪಾಸು.

ಇನ್ನು ರೂಢಿಯ ವಿಷಯ. ಇದೆಲ್ಲಿಂದ ಬಂತು ಅಂತ ಕೇಳಿದರೆ, 1961ರಲ್ಲಿ ಉಗಾಂಡಾದ ಮಕೆರೆರೆಯಲ್ಲಿ ಕಾಮನ್‌ವೆಲ್ತ್ ದೇಶಗಳ ಇಂಗ್ಲಿಷ್ ಬೋಧನೆಯ ಬಗ್ಗೆ ಒಂದು ಸಮ್ಮೇಳನ ನಡೆಯಿತು. ಆದರ್ಶ ಶಿಕ್ಷಕ ಅಂದರೆ ನೇಟಿವ್ ಸ್ಪೀಕರ್ ಅನ್ನುವ ನಂಬಿಕೆ ಬೇರೂರಿದ್ದು ಅಲ್ಲಿ, ಮತ್ತು ಅದು ಬರೀ ಭ್ರಮೆ ಅಂತ ಭಾಷಾವಿಜ್ಞಾನಿ ರಾಬರ್ಟ್ ಫಿಲಿಪ್ಸನ್ 1992ರಲ್ಲಿ ಬರೆದರು. ಟಿಸಾಲ್ ಅನ್ನುವ ಇಂಗ್ಲಿಷ್ ಶಿಕ್ಷಕರ ಅಂತರರಾಷ್ಟ್ರೀಯ ಸಂಘ 2006ರಲ್ಲಿ ಇಂಥ ತಾರತಮ್ಯ ಸಲ್ಲದು ಅಂತ ಹೇಳಿಕೆಯನ್ನೇ ಹೊರಡಿಸಿದೆ. ಇದನ್ನು ಸಂದರ್ಶನದಲ್ಲಿ ಹೇಳಬೇಡಿ. ನಾನು ಒಂದು ಸಲ ಹೇಳಿದೆ. ಎದುರಿಗಿದ್ದವರು ಬಹಳ ಮರ್ಯಾದೆಯಿಂದ ತಲೆಯಾಡಿಸಿ, ಬಹಳ ಮರ್ಯಾದೆಯಿಂದ ಬೇರೆಯವರಿಗೆ ಕೆಲಸ ಕೊಟ್ಟರು.

ರೂಢಿ ಮುರಿಯುವುದು ಡೆಮೋದಲ್ಲಿ, ಅಂದರೆ ಕೆಲಸ ಕೊಡುವ ಮೊದಲು ಮಾಡಿ ತೋರಿಸಿ ಅನ್ನುವ ಮಾದರಿ ಪಾಠದಲ್ಲಿ. ಅದನ್ನು ನಾನು ಕಲಿತದ್ದು ಹೇಗೆ ಅಂತ ಹೇಳುತ್ತೇನೆ, ನಗಬೇಡಿ.

ಥಾಯ್ಲೆಂಡಿನ ಒಂದು ಪ್ರಾಂತೀಯ ಪಟ್ಟಣ, ನನ್ನ ಮೊದಲ ಡೆಮೋ. ನಾಲ್ಕನೇ ತರಗತಿ, ಹದಿನೈದು ನಿಮಿಷ, ವಿಷಯ ‘ಐ ಲೈಕ್’ ಮತ್ತು ‘ಐ ಡೋಂಟ್ ಲೈಕ್’. ನಾನು ಬೋರ್ಡನ್ನು ಮೂರು ಭಾಗ ಮಾಡಿ, ಸಾಮಾನ್ಯ ವರ್ತಮಾನ ಕಾಲ, ನಿಷೇಧ ರೂಪ, ಸಹಾಯಕ ಕ್ರಿಯಾಪದ ಅಂತ ದುಂಡಗೆ ಬರೆದು ಅರೆದು ಕುಡಿಸಿದೆ. ಮಕ್ಕಳು ಕೈಕಟ್ಟಿ ಕೂತು ಕೇಳಿದರು. ಎಷ್ಟು ಒಳ್ಳೆ ಮಕ್ಕಳು ಅಂದುಕೊಂಡೆ. ಹಿಂದಿನ ಸಾಲಿನಲ್ಲಿ ಸಂಯೋಜಕಿ ಕೂತಿದ್ದರು, ಫಿಲಿಪ್ಪೀನ್ಸಿನವರು, ನನ್ನ ಹಾಗೆಯೇ ನೇಟಿವ್ ಅಲ್ಲದವರು. ಪಾಠ ಮುಗಿದ ಮೇಲೆ ಅವರು ತಮ್ಮ ನೋಟ್‌ಬುಕ್ ತಿರುಗಿಸಿ ನನ್ನ ಮುಂದಿಟ್ಟರು. ಪುಟದ ಮಧ್ಯೆ ಒಂದು ಗೆರೆ. ಎಡಗಡೆ ‘ಟೀಚರ್’, ಬಲಗಡೆ ‘ಕಿಡ್ಸ್’. ನಾನು ಬಾಯಿ ತೆರೆದಾಗಲೆಲ್ಲ ಎಡಕ್ಕೊಂದು ಗೀಟು, ಮಕ್ಕಳು ಇಂಗ್ಲಿಷ್ ಆಡಿದಾಗ ಬಲಕ್ಕೊಂದು. ಎಡಗಡೆ ಐದೈದರ ಕಟ್ಟುಗಳು ಪುಟದ ತಳದವರೆಗೆ ಇಳಿದಿದ್ದವು. ಬಲಗಡೆ ನಾಲ್ಕು. ಆ ನಾಲ್ಕರಲ್ಲಿ ಒಂದು ‘ಗುಡ್ ಮಾರ್ನಿಂಗ್ ಟೀಚರ್’, ಇನ್ನೊಂದು ‘ಥ್ಯಾಂಕ್ಯೂ ಟೀಚರ್’.

ಹನ್ನೊಂದು ದಿನದ ಮೇಲೆ ಇನ್ನೊಂದು ಶಾಲೆ, ಅದೇ ವಿಷಯ ನಾನೇ ಕೇಳಿ ತಗೊಂಡೆ. ಬೋರ್ಡಿನ ಈ ಕೊನೆಗೆ ನಗುವ ಮುಖ, ಆ ಕೊನೆಗೆ ಅಳುವ ಮುಖ. ನಡುವೆ ನಾನು ಬರೆಯೋದು: ಒಂದು ಇಲಿ, ಒಂದು ದೆವ್ವ, ಒಂದು ಐಸ್‌ಕ್ರೀಮು, ಒಂದು ಹೋಂವರ್ಕಿನ ಪುಸ್ತಕ. ನನ್ನ ಚಿತ್ರಕಲೆ ಎಷ್ಟು ಕೆಟ್ಟದ್ದೆಂದರೆ ಇಲಿಯನ್ನು ಮಕ್ಕಳು ಆನೆ ಅಂದರು, ಅದೂ ಇಂಗ್ಲಿಷಿನಲ್ಲೇ ಅಂದರು, ನನಗೆ ಲಾಭವೇ ಆಯಿತು. ಯಾವ ಮುಖದ ಕಡೆ ಓಡುತ್ತೀರೋ ಆ ವಾಕ್ಯ ಹೇಳಿ ಓಡಿ. ಮೊದಲು ಎಲ್ಲರೂ ಒಟ್ಟಿಗೆ, ಆಮೇಲೆ ಸಾಲು ಸಾಲಾಗಿ, ಆಮೇಲೆ ಇಬ್ಬಿಬ್ಬರು ಒಬ್ಬರನ್ನೊಬ್ಬರು ಕೇಳೋದು. ನಾನು ಆಡಿದ್ದು ಮೂವತ್ತು ಪದ ಇರಬಹುದು. ಕೆಲಸ ಸಿಕ್ಕಿತು.

ಸಂಬಳ ತಿಂಗಳಿಗೆ 18,000 ಬಾತ್. ಪಕ್ಕದ ಮೇಜಿನ ಇಂಗ್ಲೆಂಡಿನ ಹುಡುಗನಿಗೆ 32,000, ಪೀರಿಯಡ್ ಲೆಕ್ಕ ಇಬ್ಬರಿಗೂ ಒಂದೇ. ಅವನು ಒಳ್ಳೆಯವನು, ಮಕ್ಕಳನ್ನು ನಗಿಸುತ್ತಿದ್ದ, ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಸಂಬಳದ ಪಟ್ಟಿ ಬರೆದವರ ಮೇಲೆ ಇತ್ತು, ಇವತ್ತಿಗೂ ಇದೆ. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ: ಮೊದಲ ಕೆಲಸದಲ್ಲಿ ಈ ಅನ್ಯಾಯ ನಿಮಗೂ ಆಗಬಹುದು. ಎರಡನೇ ಕೆಲಸಕ್ಕೆ ನೀವು ‘ಅನುಭವ ಇರುವವರು’ ಆಗುತ್ತೀರಿ. ಆಗ ಚೌಕಾಸಿ ಮಾಡಬಹುದು, ಮಾಡಲೇಬೇಕು.

ಈಗ ನಿಮ್ಮ ಅರ್ಜಿಯ ಪತ್ರ. ನೀವು ಕಳಿಸಿದ ಪ್ರತಿ ನೋಡಿದೆ. ಎರಡನೇ ಸಾಲಿನಲ್ಲೇ ‘ನಾನು ನೇಟಿವ್ ಸ್ಪೀಕರ್ ಅಲ್ಲದಿದ್ದರೂ’ ಅಂತ ಶುರುಮಾಡಿದ್ದೀರಿ. ಅವರು ಕೇಳುವ ಮೊದಲೇ ನೀವೇ ಕ್ಷಮೆ ಕೇಳಿದ ಹಾಗಾಯಿತು. ಅದನ್ನು ಹೊಡೆದುಹಾಕಿ. ಪಾಸ್‌ಪೋರ್ಟ್ ಯಾವುದು ಅಂತ ಬಯೋಡೇಟಾದಲ್ಲಿ ಇದ್ದೇ ಇರುತ್ತದೆ, ಅದನ್ನು ಬಚ್ಚಿಡಲೂ ಬೇಡಿ. ಮೊದಲ ಸಾಲಿನಲ್ಲಿ ಯಾವ ವಯಸ್ಸಿನವರಿಗೆ ಏನು ಕಲಿಸಬಲ್ಲಿರಿ ಅಂತ ಬರೆಯಿರಿ. ಎರಡನೇ ಸಾಲಿನಲ್ಲಿ ಪರೀಕ್ಷೆಯ ಅಂಕ. ಮೂರನೇ ಸಾಲಿನಲ್ಲಿ ಐದು ನಿಮಿಷದ ವಿಡಿಯೋದ ಲಿಂಕು. ಕ್ಯಾಮೆರಾ ನೋಡಿಕೊಂಡು ಪರಿಚಯ ಹೇಳುವ ವಿಡಿಯೋ ಅಲ್ಲ, ನಿಜವಾಗಿ ಪಾಠ ಮಾಡುತ್ತಿರುವುದು. ಆರು ಜನ ಮಕ್ಕಳಿದ್ದರೆ ಸಾಕು. ಹೆತ್ತವರ ಒಪ್ಪಿಗೆ ಕೇಳಿ, ಇಲ್ಲದಿದ್ದರೆ ಮಕ್ಕಳ ಬೆನ್ನ ಕಡೆಯಿಂದ ತೆಗೆಸಿ. ನಾನೀಗ ಶಿಕ್ಷಕರನ್ನು ಆರಿಸುವ ಕಡೆ ಕೂತು ಒಂಬತ್ತು ವರ್ಷವಾಯಿತು. ನೂರು ಅರ್ಜಿ ಬಂದರೆ ಪಾಠದ ವಿಡಿಯೋ ಇರುವುದು ನಾಲ್ಕೋ ಐದೋ. ಅವನ್ನು ನಾನು ಮೊದಲು ತೆರೆಯುತ್ತೇನೆ.

ಪ್ರಶ್ನೆ: ‘120 ಗಂಟೆಯ ಟೆಫ್ಲ್’ ಅಂತ ಇಂಗ್ಲಿಷ್ ಕಲಿಸುವವರ ತರಬೇತಿ ಕೋರ್ಸು ಆನ್‌ಲೈನಿನಲ್ಲಿ ತೀರಾ ಅಗ್ಗಕ್ಕೆ ಸಿಗುತ್ತದೆ. ಸೆಲ್ಟಾ ಅನ್ನುವ ಇನ್ನೊಂದು ಕೋರ್ಸಿಗೆ ಅದರ ಎಷ್ಟೋ ಪಟ್ಟು ಹಣ. ಎರಡೂ 120 ಗಂಟೆಯೇ ಅಲ್ಲವೇ ಮೇಡಂ?
— ಲೆಕ್ಕದವನು

ಉತ್ತರ: ಗಂಟೆ ಒಂದೇ, ಒಳಗಿರುವುದು ಬೇರೆ. ಕೇಂಬ್ರಿಡ್ಜಿನ ಸೆಲ್ಟಾದಲ್ಲಿ 6 ಗಂಟೆ ನಿಜವಾದ ವಿದ್ಯಾರ್ಥಿಗಳ ಮುಂದೆ ನಿಂತು ಪಾಠ ಮಾಡಬೇಕು, ಹಿಂದೆ ತರಬೇತುದಾರರು ಕೂತು ಬರೆದುಕೊಳ್ಳುತ್ತಿರುತ್ತಾರೆ. ಲಂಡನ್ನಿನ ಟ್ರಿನಿಟಿ ಕಾಲೇಜಿನ ‘ಸರ್ಟ್ ಟಿಸಾಲ್’ ಅನ್ನುವ ಇಂಥದ್ದೇ ಕೋರ್ಸಿನಲ್ಲೂ ಹಾಗೇ 6 ಗಂಟೆ. ಅಗ್ಗದ ಆನ್‌ಲೈನ್ ಕೋರ್ಸಿನಲ್ಲಿ ನೀವು ಓದುತ್ತೀರಿ, ಬಹು ಆಯ್ಕೆಯ ಪ್ರಶ್ನೆಗೆ ಗುರುತು ಹಾಕುತ್ತೀರಿ, ಪಿಡಿಎಫ್ ಬರುತ್ತದೆ. ಈಜಿನ ಪುಸ್ತಕ ಓದಿದ ಹಾಗೆ.

ಆ ಆರು ಗಂಟೆಯಲ್ಲಿ ಏನು ಕಲಿಯುತ್ತೀರಿ ಅನ್ನುವುದಕ್ಕೆ ಒಂದು ಉದಾಹರಣೆ. ನನ್ನ ಎರಡನೇ ಪಾಠದಲ್ಲಿ ‘ಹೀ ಯೂಸ್ಡ್ ಟು ಸ್ಮೋಕ್’ ಅನ್ನುವ ವಾಕ್ಯ ವಿವರಿಸಿ, ನಮ್ಮ ಮೇಷ್ಟರೆಲ್ಲ ಕೇಳುವ ಹಾಗೆ ‘ಅರ್ಥ ಆಯ್ತಾ?’ ಅಂದೆ. ಎಲ್ಲರೂ ‘ಯೆಸ್’ ಅಂದರು. ತರಬೇತುದಾರರು ಹಾಳೆಯ ಮೇಲೆ ದೊಡ್ಡದಾಗಿ ಬರೆದದ್ದು: ‘ಹೌದು ಅಂದದ್ದನ್ನು ನಂಬಿದಿರಾ?’ ಕೇಳಬೇಕಾದ ಪ್ರಶ್ನೆ ಬೇರೆ. ಅವನು ಈಗ ಸಿಗರೇಟು ಸೇದುತ್ತಾನಾ? ಇಲ್ಲ. ಮೊದಲು ಸೇದುತ್ತಿದ್ದನಾ? ಹೌದು. ಒಂದೇ ಸಲವಾ, ತುಂಬಾ ಸಲವಾ? ತುಂಬಾ ಸಲ. ಈ ಮೂರಕ್ಕೆ ಸರಿ ಉತ್ತರ ಬಂದರೆ ಅರ್ಥ ಆಗಿದೆ. ವ್ಯಾಕರಣದ ಹೆಸರು ಹೇಳದೆಯೇ ಅರ್ಥವನ್ನು ಪರೀಕ್ಷಿಸುವ ಈ ಒಂದು ಅಭ್ಯಾಸ ಆ ಕೋರ್ಸಿನ ಅರ್ಧ ಬೆಲೆ ಅಂತ ನನಗನ್ನಿಸುತ್ತದೆ.

ಆದರೂ ಎಲ್ಲರೂ ಸಾಲ ಮಾಡಿ ಸೆಲ್ಟಾ ಮಾಡಿ ಅನ್ನುವುದಿಲ್ಲ. ಬಿ.ಎಡ್. ಆಗಿ ನಾಲ್ಕೈದು ವರ್ಷ ಮಕ್ಕಳ ಮುಂದೆ ನಿಂತವರಿಗೆ ವೀಸಾ ಕಡತಕ್ಕೊಂದು ಕಾಗದ ಬೇಕಷ್ಟೆ, ಅಗ್ಗದ್ದು ನಡೆಯುತ್ತದೆ. ಒಂದು ದಿನವೂ ತರಗತಿಯಲ್ಲಿ ನಿಲ್ಲದವರು ಆ ಆರು ಗಂಟೆಗೆ ಹಣ ಕೊಡಿ. ಪೂರ್ಣಾವಧಿಗೆ ನಾಲ್ಕೈದು ವಾರ ಹಿಡಿಯುತ್ತದೆ, ಆ ವಾರಗಳಲ್ಲಿ ಮದುವೆ ಮುಂಜಿ ಏನೂ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ನನ್ನ ಉಚ್ಚಾರಣೆ ಕೇಳಿದರೆ ಎಲ್ಲಿಯವನು ಅಂತ ತಕ್ಷಣ ಗೊತ್ತಾಗುತ್ತೆ. ಸಂದರ್ಶನಕ್ಕೆ ಮುಂಚೆ ಆರು ತಿಂಗಳು ಅಮೆರಿಕನ್ ಆಕ್ಸೆಂಟ್ ತರಬೇತಿ ತೆಗೆದುಕೊಳ್ಳಬೇಕು ಅಂತಿದ್ದೇನೆ. ದಾರಿ ತೋರಿಸಿ.
— ಕನ್ನಡದ ನಾಲಿಗೆ

ಉತ್ತರ: ಎಲ್ಲಿಯವರು ಅಂತ ಗೊತ್ತಾದರೆ ಏನು ತೊಂದರೆ? ಏನು ಹೇಳಿದಿರಿ ಅಂತ ಗೊತ್ತಾಗದಿದ್ದರೆ ತೊಂದರೆ. ಆರು ತಿಂಗಳ ಅಮೆರಿಕನ್ ಮುಖವಾಡ ಸಂದರ್ಶನದ ಹತ್ತನೇ ನಿಮಿಷಕ್ಕೆ ಜಾರುತ್ತದೆ, ನಾನು ಎಷ್ಟೋ ಸಲ ಜಾರಿದ್ದು ನೋಡಿದ್ದೇನೆ, ಪಾಪ ಅನ್ನಿಸುತ್ತದೆ. ಅದರ ಬದಲು ಕನ್ನಡದ ನಾಲಿಗೆ ಎಲ್ಲಿ ಕೈಕೊಡುತ್ತದೆ ಅಂತ ತಿಳಿದುಕೊಂಡು ಅಷ್ಟನ್ನೇ ರಿಪೇರಿ ಮಾಡಿ. ಜಾಗಗಳು ಬಹಳ ಇಲ್ಲ.

ಕನ್ನಡ ಲಿಪಿಯಲ್ಲೇ ಪರೀಕ್ಷೆ ಮಾಡಬಹುದು. ದನದ ಡಾಕ್ಟರನ್ನು ಬರೆಯಿರಿ: ‘ವೆಟ್’. ಒದ್ದೆಯಾದದ್ದನ್ನು ಬರೆಯಿರಿ: ‘ವೆಟ್’. ಕಾಗದದ ಮೇಲೆ ಎರಡೂ ಒಂದೇ, ನಮ್ಮ ಬಾಯಲ್ಲೂ ಒಂದೇ. ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಎರಡನೆಯದಕ್ಕೆ ಹಲ್ಲಿನ ಕೆಲಸವಿಲ್ಲ, ತುಟಿ ದುಂಡಗಾಗಬೇಕು. ಕನ್ನಡಿ ಮುಂದೆ ಹತ್ತು ದಿನ. ಎರಡನೆಯದು, ಪದದ ಮೊದಲಿನ ‘ಎ’ಕಾರಕ್ಕೆ ನಾವು ‘ಯ’ ಅಂಟಿಸುವುದು: ಎಗ್ ಹೋಗಿ ಯೆಗ್, ಎಕ್ಸಾಮ್ ಹೋಗಿ ಯೆಗ್ಸಾಮ್. ನನ್ನ ಸಂದರ್ಶನವೊಂದರಲ್ಲಿ ಇಮೇಲ್ ವಿಳಾಸ ಹೇಳುತ್ತಾ ‘ಎಸ್’ ಅಕ್ಷರ ಅಂದೆ. ಅವರು ‘ಯೆಸ್?’ ಅಂತ ಕಾದರು, ನಾನು ‘ಯೆಸ್, ಯೆಸ್’ ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಒಬ್ಬರಿಗೊಬ್ಬರು ಒಪ್ಪಿಗೆ ಕೊಡುತ್ತಾ ಕೂತಿದ್ದೆವು. ಮೂರನೆಯದು ಒತ್ತು. ನಾವು ಎಲ್ಲಾ ಅಕ್ಷರಕ್ಕೂ ಸಮನಾಗಿ ಬಡಿಸುತ್ತೇವೆ, ಇಲ್ಲವೇ ಮೊದಲನೆಯದಕ್ಕೆ ಹೆಚ್ಚು. ‘ಡೆವಲಪ್‌ಮೆಂಟ್’ನಲ್ಲಿ ಒತ್ತು ಬೀಳುವುದು ‘ವೆ’ ಮೇಲೆ, ‘ಹೋಟೆಲ್’ನಲ್ಲಿ ‘ಟೆ’ ಮೇಲೆ. ಕೇಳುವವರಿಗೆ ಅರ್ಥವಾಗದೆ ಹೋಗುವುದು ಬಹಳ ಸಲ ಇದರಿಂದ, ಬಣ್ಣದ ಆಕ್ಸೆಂಟಿನಿಂದಲ್ಲ.

ನಾಲ್ಕನೆಯದಕ್ಕೆ ಬಂದರೆ ನಿಮ್ಮ ಕೊರತೆಯೇ ಬಂಡವಾಳವಾಗುತ್ತದೆ. ನಾವು ವ್ಯಂಜನದ ಕೊನೆಯಲ್ಲಿ ಸುಮ್ಮನಿರುವುದಿಲ್ಲ, ಒಂದು ‘ಉ’ ಸೇರಿಸುತ್ತೇವೆ: ಬಸ್ಸು, ಕಾರು, ಲೈಟು. ಥಾಯ್ ಮಕ್ಕಳದ್ದು ಇದಕ್ಕೆ ತಿರುಗಾಮುರುಗ. ಅವರ ಭಾಷೆಯಲ್ಲಿ ಪದದ ಕೊನೆಗೆ ‘ಸ್’ ನಿಲ್ಲುವುದಿಲ್ಲ, ‘ಲ್’ ನಿಲ್ಲುವುದಿಲ್ಲ. ಬಸ್ ಅಂದರೆ ‘ಬಟ್’ ಆಗುತ್ತದೆ, ಫುಟ್‌ಬಾಲ್ ‘ಫುಟ್‌ಬಾನ್’ ಆಗುತ್ತದೆ. ನಾವು ಬಾಲ ಸೇರಿಸುವವರು, ಅವರು ಬಾಲ ಬದಲಿಸುವವರು, ಬಸ್ ಮಾತ್ರ ಇಬ್ಬರ ನಡುವೆ ನಿಂತಿದೆ. ನಾನು ಇದನ್ನೇ ಬೋರ್ಡ್ ಮೇಲೆ ಹಾಕಿ ತೋರಿಸುತ್ತಿದ್ದೆ: ನನ್ನ ನಾಲಿಗೆ ಇಲ್ಲಿಗೆ ಹೋಗುತ್ತದೆ, ನಿಮ್ಮದು ಅಲ್ಲಿಗೆ ಹೋಗುತ್ತದೆ, ಬನ್ನಿ ಇಬ್ಬರೂ ಮಧ್ಯಕ್ಕೆ ಬರೋಣ. ‘ಬಸ್ಸು’ ಅಂತ ನಾನು ಅಂದರೆ ತರಗತಿ ತರಗತಿಯೇ ಬಿದ್ದು ಬಿದ್ದು ನಗುತ್ತಿತ್ತು. ಮೇಷ್ಟ್ರಿಗೂ ತಪ್ಪುತ್ತದೆ ಅಂತ ಗೊತ್ತಾದ ಮೇಲೆ ಬಾಯಿ ಬಿಡದ ಮಕ್ಕಳೂ ಬಿಟ್ಟರು. ಹುಟ್ಟಿನಿಂದ ‘ಬಸ್’ ಅಂದವರಿಗೆ ಅದನ್ನು ಹೇಗೆ ಅನ್ನಬೇಕು ಅಂತ ಯೋಚಿಸುವ ಪ್ರಸಂಗವೇ ಬಂದಿರುವುದಿಲ್ಲ. ಸಂದರ್ಶನದಲ್ಲಿ ‘ನೇಟಿವ್ ಅಲ್ಲದ ನಿಮ್ಮನ್ನು ಯಾಕೆ ತೆಗೆದುಕೊಳ್ಳಬೇಕು’ ಅಂತ ಕೇಳಿದರೆ ಇಂಥದ್ದೊಂದು ತೋರಿಸಿ. ಹೋಗುವ ದೇಶದ ಮಕ್ಕಳು ಇಂಗ್ಲಿಷಿನಲ್ಲಿ ಎಲ್ಲಿ ಎಡವುತ್ತಾರೆ ಅಂತ ಮೊದಲೇ ಮೂರು ಅಂಶ ತಿಳಿದುಕೊಂಡು ಹೋಗಿ.

ತರಬೇತಿಗೆ ಅಂತ ಎತ್ತಿಟ್ಟ ಹಣ ಹಾಗೇ ಇರಲಿ, ವಿಮಾನದ ಟಿಕೆಟಿಗೆ ಬೇಕಾಗುತ್ತದೆ.

ಪ್ರಶ್ನೆ: ಬಯೋಡೇಟಾದಲ್ಲಿ ಫೋಟೋ ಕೇಳುತ್ತಾರೆ. ನನ್ನ ಬಣ್ಣ ಕಪ್ಪು. ಫೋಟೋ ಹಾಕದಿದ್ದರೆ ಆಗುತ್ತದಾ?
— ಸಂಕೋಚ

ಉತ್ತರ: ಏಷ್ಯಾದ ಹೆಚ್ಚಿನ ಕಡೆ ಫೋಟೋ ಇಲ್ಲದ ಅರ್ಜಿಯನ್ನು ಅರ್ಧ ಅರ್ಜಿ ಅಂತ ಪಕ್ಕಕ್ಕಿಡುತ್ತಾರೆ. ಹಾಕಿ. ಬಣ್ಣ ನೋಡಿ ಬೇಡ ಅನ್ನುವ ಶಾಲೆಗಳು ಇಲ್ಲ ಅಂತ ಸುಳ್ಳು ಹೇಳಲಾರೆ, ಇವೆ. ಅವು ವಿಡಿಯೋ ಸಂದರ್ಶನದಲ್ಲೂ ಬೇಡ ಅನ್ನುತ್ತಿದ್ದವು, ಫೋಟೋದಿಂದ ನಿಮ್ಮ ಒಂದು ಸಂಜೆ ಉಳಿಯಿತು. ಒಂದೇ ಮಾತು, ಫಿಲ್ಟರ್ ಹಾಕಬೇಡಿ. ಫೋಟೋದಲ್ಲಿ ಒಬ್ಬರು, ಪರದೆಯ ಮೇಲೆ ಇನ್ನೊಬ್ಬರು ಬಂದರೆ ಅಲ್ಲಿಯವರೆಗೆ ಬಣ್ಣದ ಯೋಚನೆಯೇ ಇಲ್ಲದವರಿಗೂ ಇವರು ಬೇರೆ ಏನನ್ನು ಮುಚ್ಚಿಟ್ಟಿದ್ದಾರೋ ಅನ್ನಿಸುತ್ತದೆ.

ಪ್ರಶ್ನೆ: ಒಬ್ಬ ಏಜೆಂಟ್ ಥಾಯ್ಲೆಂಡಿನಲ್ಲಿ ಕೆಲಸ ಇದೆ ಅಂತಿದ್ದಾರೆ. ಸಂದರ್ಶನ ಬೇಡ, ಡೆಮೋ ಬೇಡ. ಟೂರಿಸ್ಟ್ ವೀಸಾದಲ್ಲಿ ಬನ್ನಿ, ಬಂದ ಮೇಲೆ ಬದಲಾಯಿಸೋಣ, ಮುಂಗಡವಾಗಿ ‘ಪ್ಲೇಸ್‌ಮೆಂಟ್ ಶುಲ್ಕ’ ಕಟ್ಟಿ ಅಂತಾರೆ. ಸಂಬಳ ನೀವು ಹಿಂದೆ ಬರೆದದ್ದಕ್ಕಿಂತ ಮೂರು ಪಟ್ಟು! ಹೋಗಲಾ?
— ಆತುರ

ಉತ್ತರ: ಹೋಗಬೇಡಿ.

ಡೆಮೋ ಇಲ್ಲದೆ, ಮಾತಾಡಿಸದೆ, ಮೂರು ಪಟ್ಟು ಸಂಬಳಕ್ಕೆ ಮೇಷ್ಟರನ್ನು ಕರೆಯುವ ಶಾಲೆ ಭೂಮಿಯ ಮೇಲಿಲ್ಲ. ಥಾಯ್ಲೆಂಡಿನಲ್ಲಿ ಕೆಲಸ ಅಂತ ಕರೆಸಿಕೊಂಡು, ಗಡಿಯ ಮೇ ಸೋಟ್ ಪಟ್ಟಣದ ಮೂಲಕ ನದಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿ ಕಡೆಯ ಆನ್‌ಲೈನ್ ವಂಚನೆ ಕೇಂದ್ರಗಳಲ್ಲಿ ಕೂಡಿಹಾಕಿದ ಪ್ರಕರಣಗಳನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಶಾಲೆಯ ಹೆಸರು, ಯಾವ ಪ್ರಾಂತ್ಯ, ಎಷ್ಟನೇ ತರಗತಿ ಅಂತ ಕೇಳಿ. ಆಮೇಲೆ ಶಾಲೆಯ ಕಚೇರಿಯ ನಂಬರನ್ನು ನೀವೇ ಹುಡುಕಿ ಫೋನ್ ಮಾಡಿ. ಏಜೆಂಟ್ ಕೊಟ್ಟ ನಂಬರಿಗಲ್ಲ.

ಸರಿಯಾದ ದಾರಿ ಹೇಗಿರುತ್ತದೆ ಅಂದರೆ, ಶಾಲೆ ಕಾಗದ ಕಳಿಸುತ್ತದೆ, ಅದನ್ನು ತೋರಿಸಿ ‘ನಾನ್ ಇಮಿಗ್ರೆಂಟ್ ಬಿ’ ವೀಸಾ ಹಾಕಿಸಿಕೊಂಡು ಹೊರಡುತ್ತೀರಿ, ಹೋದ ಮೇಲೆ ಶಾಲೆ ವರ್ಕ್ ಪರ್ಮಿಟ್ ಮಾಡಿಸುತ್ತದೆ. ಅಲ್ಲೇ ಹೋಗಿ ವೀಸಾ ಬದಲಾಯಿಸಿಕೊಳ್ಳುವ ಅವಕಾಶವೂ ನಿಯಮದಲ್ಲಿ ಇದೆ, ಒಳ್ಳೆಯ ಶಾಲೆಗಳೂ ಕೆಲವೊಮ್ಮೆ ಮಾಡಿಸುತ್ತವೆ. ಆದರೆ ವರ್ಕ್ ಪರ್ಮಿಟ್ ಕೈಗೆ ಬರುವವರೆಗೆ ಪಾಠ ಮಾಡಿದರೆ ಅದು ಅಕ್ರಮ, ಸಿಕ್ಕಿಬಿದ್ದರೆ ದಂಡ ಕಟ್ಟಿ ಹೊರಗೆ ಹೋಗುವವರು ನೀವು, ಏಜೆಂಟ್ ಅಲ್ಲ.

ಎಲ್ಲ ಏಜೆನ್ಸಿಗಳೂ ಕಳ್ಳರಲ್ಲ. ನನ್ನ ಮೊದಲ ಕೆಲಸವೂ ಒಂದು ಏಜೆನ್ಸಿಯ ಮೂಲಕವೇ ಬಂತು, ವೀಸಾ ಪರ್ಮಿಟ್ ಎಲ್ಲ ನೆಟ್ಟಗಿತ್ತು. ಬಿಡುವಾಗ ಮಾತ್ರ ಕೊನೆಯ ತಿಂಗಳ ಸಂಬಳ ಬರಲಿಲ್ಲ. ಕೇಳಿದರೆ ಒಪ್ಪಂದದ ಏಳನೇ ಪುಟ ತೋರಿಸಿದರು: ಅರವತ್ತು ದಿನದ ನೋಟಿಸು ಬರವಣಿಗೆಯಲ್ಲಿ ಕೊಡಬೇಕು. ನಾನು ಬಾಯಲ್ಲಿ ಹೇಳಿದ್ದೆ, ಅದೂ ಚಹಾ ಕುಡಿಯುತ್ತಾ. ಸಹಿ ನನ್ನದೇ. ಹಾಗಾಗಿ ಒಪ್ಪಂದ ಕೈಗೆ ಬಂದರೆ ಮೂರು ಕಡೆ ಬೆರಳಿಟ್ಟು ಓದಿ. ನಿಮ್ಮ ಯಜಮಾನ ಶಾಲೆಯೋ ಏಜೆನ್ಸಿಯೋ. ಸಂಬಳ ವರ್ಷಕ್ಕೆ 12 ತಿಂಗಳೋ 10 ತಿಂಗಳೋ (ಥಾಯ್ಲೆಂಡಿನಲ್ಲಿ ಮಾರ್ಚ್, ಏಪ್ರಿಲ್ ರಜೆಗೆ ಸಂಬಳವಿಲ್ಲದ ಒಪ್ಪಂದಗಳು ಬೇಕಾದಷ್ಟಿವೆ). ಬಿಡುವುದಾದರೆ ಹೇಗೆ ಬಿಡಬೇಕು. ಪಾಸ್‌ಪೋರ್ಟನ್ನು ‘ಆಫೀಸಿನಲ್ಲಿ ಇಟ್ಟುಕೊಳ್ಳುತ್ತೇವೆ’ ಅಂದರೆ, ಕೆಲಸ ಮುಗಿದ ಸಂಜೆ ವಾಪಸು ಕೊಡಿ ಅನ್ನಿ.

ಪ್ರಶ್ನೆ: ನನಗೆ 44. ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ಗಣಿತ ಕಲಿಸಿದ್ದೇನೆ, ಇಂಗ್ಲಿಷ್ ಮಾಧ್ಯಮದಲ್ಲೇ. ಈ ವಯಸ್ಸಿನಲ್ಲಿ ಇಂಗ್ಲಿಷ್ ಟೀಚರ್ ಆಗಲು ಹೊರಟರೆ ನಗೆಪಾಟಲಾಗುತ್ತೇನೆಯೇ?
— ಗಣಿತದ ಮಿಸ್

ಉತ್ತರ: ಇಂಗ್ಲಿಷ್ ಟೀಚರ್ ಯಾಕೆ ಆಗುತ್ತೀರಿ ಅಕ್ಕಾ? ಗಣಿತದ ಟೀಚರಾಗಿಯೇ ಹೋಗಿ. ಥಾಯ್ಲೆಂಡಿನ ಶಾಲೆಗಳ ‘ಇಂಗ್ಲಿಷ್ ಪ್ರೋಗ್ರಾಂ’ ವಿಭಾಗಗಳಲ್ಲಿ, ಬೇರೆ ದೇಶಗಳ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಗಣಿತ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕಲಿಸುವವರಿಗೆ ಹುಡುಕಾಟ ಇದ್ದೇ ಇರುತ್ತದೆ, ಅಲ್ಲಿ ನೇಟಿವ್ ಮಾತು ಅಷ್ಟಾಗಿ ಬರುವುದಿಲ್ಲ. ಭಿನ್ನರಾಶಿ ಕೂಡಿಸುವುದಕ್ಕೆ ಯಾರೂ ಆಕ್ಸೆಂಟ್ ಕೇಳುವುದಿಲ್ಲ. ನಿಮ್ಮ ಹದಿನೆಂಟು ವರ್ಷ ಮೇಲಿನ 26ರ ಹುಡುಗಿಗೆ ಸಿಗದ ಬಾಗಿಲು ತೆರೆಯುತ್ತದೆ. ವಯಸ್ಸಿನ ಬಗ್ಗೆ ಕೇಳಿದಿರಿ: ಮೊದಲ ದೇಶಕ್ಕೆ ಹೋದಾಗ ನನಗೆ 38.

ಪ್ರಶ್ನೆ: ಯಾವ ತಿಂಗಳಲ್ಲಿ ಅರ್ಜಿ ಹಾಕಬೇಕು? ಕಾಗದಪತ್ರ ಯಾವಾಗ ಮಾಡಿಸಬೇಕು?
— ಪಂಚಾಂಗ

ಉತ್ತರ: ಥಾಯ್ಲೆಂಡಿನಲ್ಲಿ ಶಾಲೆ ಶುರುವಾಗುವುದು ಮೇ ಮಧ್ಯದಲ್ಲಿ, ಎರಡನೇ ಟರ್ಮ್ ನವೆಂಬರಿನ ಹೊತ್ತಿಗೆ. ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ ಅರ್ಜಿ ಹಾಕಿ, ತಪ್ಪಿದರೆ ಸೆಪ್ಟೆಂಬರು. ಜಪಾನಿನ ಶಾಲಾ ವರ್ಷ ಏಪ್ರಿಲಿಗೆ, ವಿಯೆಟ್ನಾಮಿನದು ಸೆಪ್ಟೆಂಬರಿಗೆ. ವಿಯೆಟ್ನಾಮಿನ ಭಾಷಾ ಕೇಂದ್ರಗಳು ಮಾತ್ರ ವರ್ಷವಿಡೀ ಜನ ತೆಗೆದುಕೊಳ್ಳುತ್ತವೆ.

ಕಾಗದಗಳಲ್ಲಿ ಹಳಸದೇ ಇರುವಂಥವು, ಬೇಗ ಹಳಸುವಂಥವು ಅಂತ ಎರಡು ಜಾತಿ. ಪದವಿ ಪ್ರಮಾಣಪತ್ರ ಹಳಸುವುದಿಲ್ಲ, ಅದರ ದೃಢೀಕರಣವನ್ನು ಮೊದಲು ಮಾಡಿಸಿ. ಕೆಲವು ದೇಶಗಳಿಗೆ ನಮ್ಮ ವಿದೇಶಾಂಗ ಸಚಿವಾಲಯ ಹಾಕುವ ಅಪಾಸ್ಟಿಲ್ ಮೊಹರು ಸಾಕು, ಕೆಲವಕ್ಕೆ ಅವರ ರಾಯಭಾರ ಕಚೇರಿಯ ಮೊಹರೇ ಬೇಕು. ಯಾವ ದೇಶ ಅಂತ ತೀರ್ಮಾನವಾಗದೆ ಹಣ ಕಟ್ಟಬೇಡಿ. ಟೊಯಿಕ್, ಐಇಎಲ್‌ಟಿಎಸ್ ಅಂಕಗಳಿಗೆ ಎರಡು ವರ್ಷ ಆಯುಸ್ಸು. ಪೊಲೀಸ್ ಪತ್ರವನ್ನು ಮಾತ್ರ ಉತ್ಸಾಹದಲ್ಲಿ ಮೊದಲೇ ಮಾಡಿಸಬೇಡಿ. ವಿಯೆಟ್ನಾಂ ಆರು ತಿಂಗಳೊಳಗಿನದನ್ನೇ ಕೇಳುತ್ತದೆ. ನಾನು ಮಾಡಿಸಿದ್ದು ಏಳು ತಿಂಗಳು ಹಳೆಯದಾಗಿತ್ತು, ಮತ್ತೆ ಮೊದಲಿನಿಂದ ಸಾಲಿನಲ್ಲಿ ನಿಂತೆ.